ಎಡಸುತ್ತಿನ ಸಬ್ಬಸಿಗೆ

ನಾನು ಬೆಳೆದ ಸೊಪ್ಪನ್ನ ನಮ್ಮೂರಲ್ಲಿ ದನ ತಿನ್ನುತ್ತೆ, ಜನ ತಿನ್ನಲ್ಲ. ಇದನ್ನ ಹೇಳ್ಕೊಳ್ಳೋಕೆ ನನಗೇನೂ ನಾಚಿಕೆ ಇಲ್ಲ. ನಾಚಿಕೆ ಆಗ್ಬೇಕಾದವರಿಗೆ ಆಗಲ್ಲ ಅನ್ನೋದೂ ಗೊತ್ತು. ಒಳಗೇ ಇಟ್ಕೊಂಡು ಕೂತ್ರೆ ನನ್ನ ಹೊಟ್ಟೇಲೇ ಹುಣ್ಣಾಗುತ್ತೆ, ಅದಕ್ಕೆ ಬರೀತಾ ಇದೀನಿ.

ಹೆಸರಘಟ್ಟ ರಸ್ತೆ ಬಿಟ್ಟು ಒಳಗೆ ಬಂದ್ರೆ ನಮ್ಮೂರು. ಈಗ ಊರು ಅಂತ ನಾವು ಕರೀಬೇಕು ಅಷ್ಟೇ, ಮೂರು ಕಡೆ ಲೇಔಟು, ಒಂದು ಕಡೆ ರಾಜಕಾಲುವೆ. ನನ್ನ ಗಂಡ ಜಾಲಹಳ್ಳಿಯ ಒಂದು ಫ್ಯಾಕ್ಟರಿ ಗೇಟಲ್ಲಿ ಸೆಕ್ಯೂರಿಟಿ. ದಾಯಾದಿಗಳು ಭಾಗ ಮಾಡ್ಕೊಂಡಾಗ ನಮ್ಮ ಪಾಲಿಗೆ ಬಂದಿದ್ದು ಕಾಲುವೆ ಅಂಚಿನ ಅರ್ಧ ಎಕರೆ, ಅಂದ್ರೆ ಎಲ್ಲರೂ ಬೇಡ ಅಂದ ತುಂಡು. ಅದರಲ್ಲಿ ನಾನು ಸೊಪ್ಪು ಹಾಕ್ತೀನಿ. ದಂಟು, ಮೆಂತ್ಯ, ಕೊತ್ತಂಬರಿ, ಪಾಲಕ್ ಎಲ್ಲಾ ಬೆಳೀತೀನಿ. ಸಬ್ಬಸಿಗೆ ಮಾತ್ರ ನನ್ನ ಥರ ಬೆಳೆಯೋರು ಸುತ್ತಮುತ್ತ ಇಲ್ಲ. ಜಂಬ ಕೊಚ್ಕೋತಾಳೆ ಅಂತ ಅಂದುಕೊಂಡ್ರೆ ಅಂದುಕೊಳ್ಳಿ, ನನ್ನ ಕಂಡ್ರೆ ಆಗದವರೂ ಒಪ್ಪಿರೋ ಮಾತು ಅದು.

ಇನ್ನೊಂದು ವಿಷಯ, ನಾನು ಎಡಚಿ. ಬಡಿಸೋಕೆ, ಆರತಿ ಎತ್ತೋಕೆ, ಪ್ರಸಾದ ತಗೊಳ್ಳೋಕೆ ಬಲಗೈ ರೂಢಿ ಮಾಡಿಸಿದ್ದು ನಮ್ಮಮ್ಮ, ಸೌಟಿನ ಹಿಡಿಯಲ್ಲಿ ಗೆಣ್ಣಿಗೆ ಕೊಟ್ಟು ಕೊಟ್ಟು. ಕುಡುಗೋಲು ಹಿಡಿಯೋದು, ಸೊಪ್ಪು ಕಟ್ಟೋದು ಮಾತ್ರ ಎಡಗೈಗೇ ಉಳೀತು. ಬೇರೆಯವರು ಬಾಳೆ ನಾರನ್ನ ಬಲಕ್ಕೆ ಸುತ್ತಿ ಸಿಕ್ಕಿಸಿದ್ರೆ ನಾನು ಎಡಕ್ಕೆ ಸುತ್ತಿ ಸಿಕ್ಕಿಸ್ತೀನಿ. ಎಷ್ಟು ದೊಡ್ಡ ರಾಶಿಯಲ್ಲಿ ಹಾಕಿದ್ರೂ ನನ್ನ ಕಟ್ಟನ್ನ ನಾನು ಕಣ್ಣು ಮುಚ್ಕೊಂಡು ಬೆರಳಲ್ಲೇ ಗುರುತು ಹಿಡೀತೀನಿ.

ಮೊದಲೆಲ್ಲ ನಾವು ಒಬ್ಬೊಬ್ಬರೇ ಯಶವಂತಪುರಕ್ಕೆ ಮೂಟೆ ಹೊತ್ಕೊಂಡು ಹೋಗ್ತಿದ್ವಿ. ಅಲ್ಲಿನ ವ್ಯಾಪಾರಿ ಬಹಳ ಚಾಲಾಕು. "ನಿಮ್ಮೂರೋಳೇ ಈಗ ತಾನೇ ಇದಕ್ಕಿಂತ ಕಮ್ಮಿಗೆ ಕೊಟ್ಟೋದ್ಲು" ಅಂತ ನನಗೆ ಹೇಳೋನು, ಅವಳಿಗೆ ನನ್ನ ಹೆಸರು ಹೇಳೋನು. ವಾಪಸ್ ಬರುವಾಗ ಒಂದೇ ಬಸ್ಸಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡದೆ ಬರ್ತಿದ್ವಿ. ಹಿಂಗಾದ್ರೆ ಆಗಲ್ಲ, ಒಟ್ಟಿಗೆ ಮಾರೋಣ ಅಂದಿದ್ದು ನಮ್ಮ ಭಾವ. ಭಾವ ಅಂದ್ರೆ ನನ್ನ ಗಂಡನ ದೊಡ್ಡಪ್ಪನ ಮಗ. ತನ್ನ ಪಾಲಿನ ಜಮೀನನ್ನೆಲ್ಲ ಬಿಲ್ಡರ್‌ಗೆ ಕೊಟ್ಟು, ಎರಡು ಬಿಲ್ಡಿಂಗ್ ಕಟ್ಟಿಸಿ, ಆಸೆಗೆ ಅಂತ ಒಂದು ಎಕರೆ ಉಳಿಸ್ಕೊಂಡು ಕ್ಯಾಪ್ಸಿಕಂ ಬೆಳೆಯೋ ಮನುಷ್ಯ. ಮಾತು ಬಲ್ಲವರು, ವ್ಯಾನ್ ಇದ್ದವರು. ಸುಮ್ಮನೆ ಯಾಕೆ ಸುಳ್ಳು ಹೇಳ್ಲಿ, ಗುಂಪು ನಿಂತಿದ್ದು ಅವರಿಂದಲೇ.

ಹತ್ತು ಹನ್ನೆರಡು ಮನೆ ಸೇರಿದ್ವಿ. ಅವರ ಹಳೇ ರೇಷ್ಮೆ ಹುಳದ ಮನೇಲಿ ತರಕಾರಿ ಆರಿಸಿ, ಕಟ್ಟಿ, ಕ್ರೇಟಿಗೆ ತುಂಬಿ ಯಲಹಂಕ ಕಡೆಯ ಅಪಾರ್ಟ್‌ಮೆಂಟ್‌ಗಳಿಗೆ ಕಳಿಸೋದು. ಯಾರೂ ಒಬ್ಬೊಬ್ಬರೇ ಮಾರೋ ಹಂಗಿಲ್ಲ, ದರ ಎಲ್ಲರಿಗೂ ಒಂದೇ. ಇದರ ಜೊತೆ ನಮ್ಮದೇ ಒಂದು ಪದ್ಧತಿ ಇತ್ತು, ಶುಕ್ರವಾರದ ಅದಲು ಬದಲು. ಶುಕ್ರವಾರ ಸಾಯಂಕಾಲ ವ್ಯಾನ್ ತುಂಬೋಕೆ ಮುಂಚೆ ಪ್ರತಿಯೊಬ್ಬರೂ ಇನ್ನೊಬ್ಬರ ಬೆಳೆಯನ್ನ ಮನೆಗೆ ತಗೊಂಡು ಹೋಗಿ ಅಡುಗೆ ಮಾಡಿ ತಿನ್ಬೇಕು. ನನ್ನದು ನಿನಗೆ, ನಿನ್ನದು ಅವಳಿಗೆ. ನಾವು ತಿನ್ನೋಕೆ ಹೆದರೋದನ್ನ ಬೇರೆಯವರ ಮಕ್ಕಳಿಗೆ ಮಾರಬಾರದು ಅಂತ. ಆವತ್ತು ಹುಳದ ಮನೆ ಅನ್ನೋದು ಮದುವೆ ಮನೆ ಆಗೋದು. ಭಾವನ ಹೆಂಡತಿ, ನಾನು ಅಕ್ಕ ಅನ್ನೋದು, ನನ್ನ ಸಬ್ಬಸಿಗೆಗೆ ಬೇರೆ ಯಾರೂ ಕೈ ಹಾಕೋಕೆ ಬಿಡ್ತಿರ್ಲಿಲ್ಲ. "ಎಡಸುತ್ತಿಂದು ನಂದು ಕಣ್ರೇ, ಮುಟ್ಟುದ್ರೆ ನೋಡಿ" ಅಂತ ಸೆರಗಲ್ಲಿ ಮುಚ್ಕೊಂಡು ಹೋಗೋರು. ನನಗೆ ದುಡ್ಡಿಗಿಂತ ಅದೇ ಹೆಚ್ಚು ಅನ್ನಿಸ್ತಿತ್ತು. ನಿಜವಾಗ್ಲೂ.

ಇನ್ನು ನೀರಿನ ವಿಷಯ. ಮಳೆಗಾಲ ಬಿಟ್ರೆ ನಮ್ಮೂರಲ್ಲಿ ಬೋರ್‌ವೆಲ್ಲು ನೀರಿನ ಬದಲು ಗಾಳಿ ಬಿಡುತ್ತೆ. ಆಗ ಎಲ್ಲರೂ ರಾಜಕಾಲುವೆಗೆ ಮೋಟರ್ ಇಡೋದೇ. ಮೇಲಿನ ಲೇಔಟ್‌ಗಳ ಸ್ನಾನದ್ದು, ಪಾತ್ರೆ ತೊಳೆದದ್ದು, ಇನ್ನೂ ಏನೇನೋ ಸೇರಿದ ನೀರು ಅದು. ಸೆಪ್ಟಿಕ್ ಟ್ಯಾಂಕಿನ ಲಾರಿಯವನೂ ಕತ್ತಲಲ್ಲಿ ಬಂದು ಬಿಟ್ಟು ಹೋಗ್ತಾನೆ. ಗೊತ್ತಿಲ್ಲದವರು ಯಾರೂ ಇರ್ಲಿಲ್ಲ, ಆಡೋರೂ ಇರ್ಲಿಲ್ಲ. ಶುಕ್ರವಾರ ಎಲ್ಲರೂ ಎಲ್ಲರದ್ದನ್ನೂ ತಿಂತಿದ್ವಿ, ಯಾರಿಗೂ ಏನೂ ಆಗಿರ್ಲಿಲ್ಲ. ವ್ಯತ್ಯಾಸ ಇಷ್ಟೇ, ನನ್ನ ತುಂಡು ಕಾಲುವೆ ಅಂಚಲ್ಲೇ ಇದ್ದಿದ್ರಿಂದ ನನ್ನ ಪೈಪು ನೆಲದ ಮೇಲೇ ಬಿದ್ದಿರ್ತಿತ್ತು. ಭಾವನ ಪೈಪು ಮಣ್ಣಿನ ಕೆಳಗೆ ಹೂತಿತ್ತು.

ಒಂದು ಫೆಬ್ರವರಿಯಲ್ಲಿ ಅಪಾರ್ಟ್‌ಮೆಂಟಿನ ಯಾರೋ ನಮ್ಮ ಕಡೆ ಸೈಕಲ್ ಹೊಡ್ಕೊಂಡು ಬಂದಿದ್ದಾರೆ. ಕಪ್ಪು ನೀರು, ಅದರಲ್ಲಿ ಮುಳುಗಿರೋ ಪೈಪು, ಆ ಕಡೆ ಹಸಿರಾಗಿ ನಿಂತಿರೋ ನನ್ನ ಮಡಿ, ಮೂರೂ ಸೇರಿಸಿ ಫೋಟೋ ತೆಗೆದು ಅವರ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದಾರೆ. ನಮ್ಮ ಆರ್ಡರ್ ಎಲ್ಲ ನೋಡ್ಕೋತಿದ್ದ ಮೇಡಂ ಭಾವನಿಗೆ ಫೋನ್ ಮಾಡಿದ್ರು. ಆಕೆ ಧಾರವಾಡದ ಕಡೆಯವರು, ಇಲ್ಲಿ ಯಾವುದೋ ಕಾಲೇಜಲ್ಲಿ ಪಾಠ ಮಾಡ್ತಾರೆ. ಭಾನುವಾರ ನಾವೇ ಬಂದು ನೋಡ್ತೀವಿ, ಸರಿ ಕಾಣದಿದ್ರೆ ಎಲ್ಲಾ ಆರ್ಡರ್ ನಿಲ್ಲಿಸ್ತೀವಿ ಅಂದ್ರಂತೆ.

ಸಾಯಂಕಾಲವೇ ಹುಳದ ಮನೇಲಿ ಎಲ್ಲರೂ ಸೇರಿದ್ವಿ. ಯಾರ ಮುಖದಲ್ಲೂ ರಕ್ತ ಇಲ್ಲ.

"ಪೋಟೋದಲ್ಲಿ ಇರಾದು ನಿನ್ ಪೈಪೊಂದೇ ಕಣಮ್ಮ" ಅಂದ್ರು ಭಾವ. "ಎಲ್ಲಾರೂ ಇಂಗೆ ಅಂತ ಗೊತ್ತಾದ್ರೆ ಎಲ್ಲಾರ ವಟ್ಟೆ ಮ್ಯಾಲೂ ಕಲ್ಲು. ಒಬ್ಬರ ತಲೆ ಮ್ಯಾಲೆ ಓದ್ರೆ ಮಿಕ್ಕೋರು ಉಳ್ಕತಾರೆ."

"ಅಂದ್ರೆ? ನಾನೊಬ್ಬಳೇ ಕಳ್ಳಿ ಅಂತ ಹೇಳ್ಕೊಬೇಕಾ?" ಅಂದೆ.

"ಯುಗಾದಿ ಗಂಟ ತಾಯಿ. ಯುಗಾದಿ ಕಳೀಲಿ, ಮಳೆ ಬೀಳಾಕೆ ಮುಂಚೆ ನಿನ್ನನ್ನ ವಾಪಸ್ ತಕ್ಕಳದು ನನ್ ಜವಾಬ್ದಾರಿ." ಗೋಡೆ ಮೇಲಿದ್ದ ಮನೆದೇವರ ಫೋಟೋ ಮುಟ್ಟಿ ಹೇಳಿದ್ರು. ಅಕ್ಕ ಬಂದು ನನ್ನ ಕೈ ಹಿಡ್ಕೊಂಡ್ರು. ಎಲ್ಲರೂ ನನ್ನ ಮುಖವನ್ನೇ ನೋಡ್ತಿದ್ರು, ಒಬ್ಬಳಂತೂ ಸೆರಗಲ್ಲಿ ಕಣ್ಣೊರೆಸ್ಕೋತಿದ್ಲು.

ನನಗೆ ಬಾಯಿ ಜೋರು, ಕರುಳು ಮೆತ್ತಗೆ. ಒಪ್ಕೊಂಡೆ. ಒಂದೇ ಒಂದು ಷರತ್ತು ಹಾಕಿದೆ. ವ್ಯಾನಿಗೆ ನನ್ನ ಸೊಪ್ಪು ಬೇಡ, ಆಯ್ತು. ಆದ್ರೆ ಶುಕ್ರವಾರದ ಅದಲು ಬದಲಲ್ಲಿ ನನ್ನ ಕಟ್ಟು ಇರ್ಬೇಕು. ಪೇಟೆಯವರು ಏನಾದ್ರೂ ಅಂದುಕೊಳ್ಳಲಿ, ನೀವು, ನನ್ನವರು, ನನ್ನ ಸೊಪ್ಪನ್ನ ತಿಂತಾ ಇರ್ಬೇಕು. "ಅಯ್ಯೋ, ಅದನ್ನ ಕೇಳ್ಬೇಕೇನೇ" ಅಂದ್ರು ಅಕ್ಕ.

ಭಾನುವಾರ ಎರಡು ಕಾರಲ್ಲಿ ಬಂದ್ರು. ಮೇಡಂ ಎಲ್ಲರ ತೋಟ ಸುತ್ತಿ ಕೊನೆಗೆ ನನ್ನ ಮಡಿ ಹತ್ತಿರ ನಿಂತ್ರು. ನಾನು ಬಾಯಿಪಾಠ ಮಾಡಿದ್ದನ್ನ ಒಪ್ಪಿಸಿದೆ: ಹೌದು, ಮೋರಿ ನೀರು ಬಿಡ್ತಿದ್ದೆ, ನಾನೊಬ್ಬಳೇ, ಇವರಿಗೆ ಯಾರಿಗೂ ಗೊತ್ತಿಲ್ಲ.

"ಅಲ್ರೀ ಅಕ್ಕಾರ" ಅಂದ್ರು ಮೇಡಂ. ಬೈದಿದ್ರೆ ತಡ್ಕೋತಿದ್ದೆ, ಆಯಮ್ಮ ಮೆತ್ತಗೆ ಕೇಳಿದ್ರು. "ಸಣ್ಣ ಸಣ್ಣ ಹುಡುಗ್ರು ಉಣ್ಣೋದದು. ನಿಮಗ ಮನಸ್ಸರ ಹೆಂಗ ಬಂತ್ರೀ?"

ಬಾಯಿಪಾಠ ಮಾಡಿದ್ದನ್ನೇ ಇನ್ನೊಂದು ಸಲ ಶುರು ಮಾಡಿದೆ, ನಾನೊಬ್ಬಳೇ ಅಂತ. ಅಷ್ಟರಲ್ಲಿ ಭಾವ ಮುಂದೆ ಬಂದು, ನಾನು ಬೆಳಗ್ಗೆ ಕಟ್ಟಿಟ್ಟಿದ್ದ ಕ್ರೇಟನ್ನ ಎತ್ತಿ ಕಾಲುವೆಗೆ ಸುರಿದುಬಿಟ್ರು. "ಮನೆಯೋಳು ಅಂತ ನಂಬಿದ್ವಲ್ಲೇ, ವಿಷ ಇಕ್ತಿದ್ದೀಯಾ ಮಕ್ಳಿಗೆ? ಥೂ ನಿನ್ ಜನ್ಮಕ್ಕೆ!" ಅಂತ ಉಗಿದ್ರು. ಅವರ ಹಿಂದೆ ನಮ್ಮ ಗುಂಪಿನವರು ಒಬ್ಬೊಬ್ಬರೇ ಶುರು ಮಾಡಿದ್ರು. ಹುಳದ ಮನೇಲಿ ಕಣ್ಣೊರೆಸ್ಕೊಂಡಿದ್ದವಳು ಎಲ್ಲರಿಗಿಂತ ಜೋರು, ಮಣ್ಣು ತೂರಿದ್ಲು. ಕಾರಲ್ಲಿ ಬಂದ ಒಬ್ಬ ಹುಡುಗಿ ಫೋನ್ ಎತ್ತಿ ಎಲ್ಲಾ ವಿಡಿಯೋ ಮಾಡ್ಕೊಂಡ್ಲು. ಇದ್ಯಾವುದೂ ಮಾತಾಗಿರ್ಲಿಲ್ಲ. ನನ್ನ ಸಬ್ಬಸಿಗೆ ಕಟ್ಟುಗಳು ಕಪ್ಪು ನೀರಲ್ಲಿ ತೇಲ್ಕೊಂಡು ಹೋಗೋದನ್ನ ನೋಡ್ತಾ ನಿಂತೆ.

ಕಾರು ಹೋದಮೇಲೆ ಭಾವ ನಕ್ಕರು. "ನಾಟ್ಕ ಅಂದ್ಮೇಲೆ ಚೆನ್ನಾಗಿರ್ಬೇಕಲ್ವಾ? ಬೇಜಾರು ಮಾಡ್ಕಬ್ಯಾಡ." ನಾನೂ ನಕ್ಕೆ. ಎಂಥಾ ಪೆದ್ದಿ ನೋಡಿ ನಾನು, ಅವರ ಜೊತೆ ಕೂತು ಕಾಫಿ ಕುಡಿದೆ.

ಮೊದಲ ಶುಕ್ರವಾರ ಅಕ್ಕ ನನ್ನ ಕಟ್ಟು ತಗೊಂಡ್ರು, ಸೆರಗಲ್ಲಿ ಮುಚ್ಚದೆ, ಎರಡು ಬೆರಳಲ್ಲಿ ಹಿಡ್ಕೊಂಡು. ಮಾರನೇ ದಿನ ಮಜ್ಜಿಗೆಗೆ ಅಂತ ಅವರ ಮನೆಗೆ ಹೋದೆ. ಕೊಟ್ಟಿಗೇಲಿ ಹಸು ಸಬ್ಬಸಿಗೆ ಮೇಯ್ತಾ ಇತ್ತು. ನಾರನ್ನೂ ಬಿಚ್ಚಿರ್ಲಿಲ್ಲ.

"ಏನಕ್ಕಾ ಇದು?" ಅಂದೆ.

"ಮೊಮ್ಮಗ ಇರೋ ಮನೆ ಕಣೇ" ಅಂದ್ರು.

"ಹಿಂದಿನ ವಾರ ಇದೇ ಮೊಮ್ಮಗನಿಗೆ ಇದೇ ಸೊಪ್ಪಿನ ಸಾರು ಕಲಸಿ ತಿನ್ನಿಸಿದ್ರಲ್ಲ! ನಿಮ್ಮ ತೋಟಕ್ಕೆ ಬಿಡ್ತಿರೋದೇನು ಕಾವೇರಿ ನೀರಾ?"

"ನನ್ ಬಾಯಿ ಬಿಡಿಸ್ಬ್ಯಾಡ. ಮೋರಿ ನೀರು ಅಂತ ನೀನೇ ಏಳ್ದೆ. ನನ್ ಕಿವಿಯಾರ ಕೇಳಿದೀನಿ."

"ನೀವೇ ಹೇಳಿಸಿದ್ದಲ್ವೇನ್ರೀ!"

"ಯಾರ್ ಏಳ್ಸಿದ್ರೇನು. ತಿನ್ನಾಕ್ ಕೂತ್ರೆ ಆ ಮಾತೇ ಗ್ಯಪ್ತಿಗೆ ಬತ್ತದೆ. ಗಂಟ್ಲಲ್ಲಿ ಇಳಿಯಲ್ಲ, ನಾನೇನ್ ಮಾಡ್ಲಿ?"

ಆಯಮ್ಮ ಸುಳ್ಳು ಹೇಳ್ತಿರ್ಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತರಿಸಿದ್ದು. ಎಲ್ಲರಿಗೂ ಸತ್ಯ ಗೊತ್ತಿತ್ತು, ಆದ್ರೂ ಆ ಮಾತು ಅವರ ನಾಲಿಗೆ ಮೇಲೆ ಕೂತುಬಿಟ್ಟಿತ್ತು. ಮುಂದಿನ ಶುಕ್ರವಾರ ನನ್ನ ಕಟ್ಟನ್ನ ಯಾರೂ ಎತ್ಕೊಳ್ಳಲಿಲ್ಲ. ಎಲ್ಲರೂ ಹೋದಮೇಲೆ ಹುಳದ ಮನೆಯ ನೆಲದ ಮೇಲೆ ಅದೊಂದೇ ಬಿದ್ದಿತ್ತು, ನಾನೇ ಎತ್ಕೊಂಡು ಬಂದೆ. ಅದರ ಮುಂದಿನ ವಾರ ಭಾವ ದಾರೀಲೇ ಸಿಕ್ಕಿ, "ನೀನು ಸುಮ್ನೆ ಯಾಕೆ ನಡ್ಕಂಡ್ ಬತ್ತೀಯಾ, ಬಿಡು" ಅಂದ್ರು.

ಯುಗಾದಿ ಬಂತು. ಬೇವು ಬೆಲ್ಲ ತಿಂದ ಬಾಯಲ್ಲೇ ಭಾವನ ಮನೆಗೆ ಹೋಗಿ ಕೇಳಿದೆ.

"ಈಗ ಎಂಗಮ್ಮಾ ಸೇರಿಸ್ಕಳದು?" ಅಂದ್ರು. "ವಿಡಿಯೋ ಎಲ್ಲಾ ಕಡೆ ಓಗೈತೆ. ನೀನು ವಾಪಸ್ ಬಂದ್ರೆ ನಮ್ಮೆಲ್ಲಾರ ಎಸರೂ ಕೆಡ್ತದೆ."

"ದೇವರ ಫೋಟೋ ಮುಟ್ಟಿದ್ರಲ್ಲ?"

"ದೇವ್ರಿಗೂ ಗೊತ್ತಾಯ್ತದೆ ಪರಿಸ್ಥಿತಿ."

ನೆತ್ತಿಗೇರಿತು ನೋಡಿ ಸಿಟ್ಟು. ಮನೆಗೆ ಬಂದು ಗುದ್ದಲಿ ತಗೊಂಡು ನೇರ ಅವರ ತೋಟಕ್ಕೆ ಹೋದೆ. ಹಬ್ಬದ ಸೀರೇಲೇ ಅಗೆದೆ. ಕಾಲುವೆ ಕಡೆಯಿಂದ ಬಂದಿದ್ದ ಅವರ ಪೈಪು ಮೊಣಕಾಲುದ್ದ ಆಳದಲ್ಲಿ ಸಿಕ್ತು. ಫೋಟೋ ತೆಗೆದು ಮೇಡಂಗೆ ಕಳಿಸಿ ಫೋನ್ ಮಾಡಿ, ಬನ್ನಿ, ಬಂದು ನೋಡಿ ಅಂದೆ. ಆಯಮ್ಮ ಸಮಾಧಾನವಾಗೇ ಕೇಳಿಸ್ಕೊಂಡ್ರು. "ಅವತ್ತ ನೀವೊಬ್ಬರ ಅಂದ್ರಿ. ಇವತ್ತ ಎಲ್ಲಾರೂ ಅಂತೀರಿ. ಅವತ್ತಿಂದು ಸುಳ್ಳ, ಇವತ್ತಿಂದು ಸುಳ್ಳ, ನಾ ಯಾವುದು ನಂಬ್ಲಿರೀ?" ಅಂತ ಇಟ್ಟುಬಿಟ್ರು. ಮತ್ತೆ ಮಾಡಿದ್ರೆ ಹೋಗಲೇ ಇಲ್ಲ. ಗದ್ದಲ ಕೇಳಿ ಓಡಿ ಬಂದ ಗಂಡ ನನ್ನ ರಟ್ಟೆ ಹಿಡಿದು ಎಳ್ಕೊಂಡು ಬಂದ. "ದಾಯಾದಿಗಳ ಜೊತೆ ಕಿತ್ತಾಡಿ ಬದುಕೋಕಾಗುತ್ತೇನೇ" ಅಂದ. ಆಮೇಲಾಮೇಲೆ ಅವನೂ ಮನೇಲಿ ಸೊಪ್ಪಿನ ಸಾರಾದ ದಿನ ಹೊಟ್ಟೆ ಸರಿ ಇಲ್ಲ ಅಂತ ಮೊಸರನ್ನ ಹಾಕಿಸ್ಕೊಳ್ಳೋಕೆ ಶುರು ಮಾಡಿದ.

ಸೊಪ್ಪು ಕಾಯಲ್ಲ. ಕೊಯ್ದ ದಿನವೇ ಹೋಗ್ಬೇಕು, ಇಲ್ಲಾಂದ್ರೆ ತಿಪ್ಪೆಗೆ. ಸಾಯಂಕಾಲ ಟೆಂಪೋದಲ್ಲಿ ಹೊಲ ಹೊಲ ಸುತ್ತಿ ಸೊಪ್ಪು ಎತ್ತೋ ಒಬ್ಬ ಬರ್ತಿದ್ದ. ಅವನು ಹೇಳಿದ ರೇಟಿಗೆ ಅವನಿಗೇ ಹಾಕಿದೆ. ಎಲ್ಲಿಗೆ ಒಯ್ತೀಯಾ ಅಂತ ಕೇಳ್ಲಿಲ್ಲ, ಅವನು ನೀರು ಯಾವುದು ಅಂತ ಕೇಳ್ಲಿಲ್ಲ.

ಈ ಮಧ್ಯೆ ಮಗಳು ಬಸುರಿ ಅಂತ ಗೊತ್ತಾಯ್ತು. ಆರ್.ಟಿ. ನಗರಕ್ಕೆ ಕೊಟ್ಟಿದ್ದೀವಿ, ಒಬ್ಬಳೇ ಮಗಳು. ಬಾಣಂತನ ನಮ್ಮ ಮನೇಲೇ. ಬಾಣಂತಿಗೆ ಸಬ್ಬಸಿಗೆ ಇಲ್ಲದೆ ಆಗುತ್ತಾ? ಹಾಲು ಇಳಿಬೇಕು ಅಂದ್ರೆ ಅದೇ ಬೇಕು. ಅವಳಿಗೆ ದಿನ ತುಂಬೋ ಹೊತ್ತಿಗೆ ಕೊಯ್ಲಿಗೆ ಬರೋ ಹಂಗೆ ಮನೆ ಹಿತ್ತಲಲ್ಲಿ ಒಂದು ಮಡಿ ಬೇರೆ ಮಾಡಿ ಬೀಜ ಚೆಲ್ಲಿದೆ. ಕಾಲುವೆ ನೀರು ಒಂದು ಹನಿ ಮುಟ್ಟಿಸ್ಲಿಲ್ಲ. ಕುಡಿಯೋ ನೀರು ಬಿಟ್ಟ ದಿನ ಬೀದಿ ನಲ್ಲಿಯಿಂದ ಕೊಡದಲ್ಲಿ ಹೊತ್ತು ತಂದು ಹಾಕಿದೆ. ಒಂದಿನ ಅಕ್ಕ ನಲ್ಲಿ ಹತ್ತಿರ ನಿಂತು ನೋಡಿದ್ರು.

"ಓಹೋ, ಮಗಳಿಗೆ ಬ್ಯಾರೆ ನೀರಾ? ನಾವು ದನಕ್ಕೆ ಆಕಿದ್ರೆ ಗಂಟ್ಲು ಅರ್ಕಂಡೆ!"

ಕೆನ್ನೆಗೆ ಬಾರಿಸಿದ ಹಂಗಾಯ್ತು. ಜಗಳಗಂಟಿ ನಾನು, ಆವತ್ತು ಕೊಡ ತುಂಬಿಸ್ಕೊಂಡು ಬಂದೆ.

ಮೊಮ್ಮಗಳು ಹುಟ್ಟಿದ್ಲು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹಿತ್ತಲಿಂದ ಎಳೇ ಸಬ್ಬಸಿಗೆ ಕಿತ್ತು, ಬೆಳ್ಳುಳ್ಳಿ ಜಾಸ್ತಿ ಹಾಕಿ, ತುಪ್ಪದ ಒಗ್ಗರಣೆ ಕೊಟ್ಟು ಪಲ್ಯ ಮಾಡಿದೆ. ಬಿಸಿ ಅನ್ನದ ಪಕ್ಕ ಇಟ್ಟೆ. ಮಗಳು ತಟ್ಟೆ ನೋಡಿ ನನ್ನ ಮುಖ ನೋಡಿದ್ಲು.

"ಅಮ್ಮ, ಇದು ನಮ್ಮದಾ?"

"ಮತ್ತಿನ್ಯಾರದ್ದು?"

ಪಲ್ಯವನ್ನ ಬೆರಳ ತುದಿಯಲ್ಲಿ ತಟ್ಟೆ ಅಂಚಿಗೆ ತಳ್ಳಿದ್ಲು. "ಬೇಡಮ್ಮ. ಪಾಪುಗೆ ಹಾಲು ಕುಡಿಸ್ಬೇಕು. ನಮ್ಮತ್ತೆ ಆ ವಿಡಿಯೋ ನೋಡಿದ್ದಾರೆ, ತವರಲ್ಲಿ ಸೊಪ್ಪು ಮಾತ್ರ ತಿನ್ಬೇಡ ಅಂತ ಹೇಳಿ ಕಳಿಸಿದ್ದಾರೆ."

ಹಿತ್ತಲ ಮಡಿ ಅಂದೆ, ನಲ್ಲಿ ನೀರು ಅಂದೆ, ಕೊಡ ಹೊತ್ತು ನೋಯ್ತಿದ್ದ ಭುಜ ತೋರಿಸಿದೆ. "ಇರ್ಬಹುದು ಅಮ್ಮ" ಅಂದ್ಲು. ಇರ್ಬಹುದು ಅಂತೆ! ನಾನು ಹೆತ್ತವಳು. ಖಾಲಿ ಅನ್ನಕ್ಕೆ ಮೆಣಸಿನ ಸಾರು ಹಾಕ್ಕೊಂಡು ಉಂಡ್ಲು. ಅಡುಗೆ ಮನೆಗೆ ಹೋಗಿ ಬಾಯಿಗೆ ಸೆರಗು ಒತ್ಕೊಂಡು ಅತ್ತೆ.

ಮಾರನೇ ದಿನ ಡ್ಯೂಟಿ ಮುಗಿಸಿ ಬರುವಾಗ ಗಂಡ ಜಾಲಹಳ್ಳಿಯ ಅಂಗಡಿಯಿಂದ ಒಂದು ಕವರ್ ತಂದ. ಆ ಹೊತ್ತಿಗೆ ನಮ್ಮ ಗುಂಪಿನ ಸರಕು ಅಂಗಡಿಗಳಿಗೂ ಹೋಗ್ತಿತ್ತು, ಅದರದೇ ಚೀಟಿ ಅಂಟಿಸಿದ ಕಾಗದದ ಕವರು, ಒಳಗೆ ಸಬ್ಬಸಿಗೆ. "ಶುದ್ಧ ನೀರಲ್ಲಿ ಬೆಳೆದಿದ್ದು ಅಂತ ಬರೆದವ್ರೆ" ಅಂತ ಮಗಳಿಗೆ ತೋರಿಸಿ ನನ್ನ ಕೈಗೆ ಕೊಟ್ಟ.

ಒಲೆ ಮುಂದೆ ಕವರ್ ಹರಿದೆ. ಕಟ್ಟು ಬಿಚ್ಚೋಕೆ ಅಂತ ಬೆರಳು ಹಾಕಿದೆ, ನಿಂತ್ಕೊಂಡುಬಿಡ್ತು ಕೈ. ನಾರು ಎಡಕ್ಕೆ ಸುತ್ತಿತ್ತು. ಹಿಂದಿನ ಸಾಯಂಕಾಲ ಕಾಲುವೆ ಅಂಚಲ್ಲಿ ಕೂತು ನಾನೇ ಕಟ್ಟಿ ಟೆಂಪೋದವನಿಗೆ ಹಾಕಿದ್ದ ಕಟ್ಟು. ಸೊಪ್ಪು ಬೆಳೆಯೋದು ಬೆನ್ನು ಮುರಿಯೋ ಕೆಲಸ, ಗುಂಪು ಆದಮೇಲೆ ಬೇರೆಯವರೆಲ್ಲ ಅದನ್ನ ಬಿಟ್ಟು ತರಕಾರಿಗೆ ಇಳಿದಿದ್ರು. ನನ್ನ ಆಚೆ ಹಾಕಿದ ಮೇಲೆ ಭಾವನ ವ್ಯಾನಿಗೆ ಸೊಪ್ಪು ಎಲ್ಲಿಂದ ಬರ್ತಿತ್ತು ಅಂತ ನಾನು ಯೋಚನೇನೇ ಮಾಡಿರ್ಲಿಲ್ಲ. ನನ್ನದನ್ನೇ ಟೆಂಪೋದವನ ಕೈಯಿಂದ ಕೊಂಡು, ಚೀಟಿ ಅಂಟಿಸಿ ಮಾರ್ತಿದ್ರು. ಎಡಸುತ್ತು ನೋಡಿದ್ರೆ ಗುರುತು ಹಿಡೀದೆ ಇರೋರಲ್ಲ ಅವರು, ಅಕ್ಕನಂತೂ ಅಲ್ಲವೇ ಅಲ್ಲ.

ಕವರ್ ಹಿಡ್ಕೊಂಡು ಬೀದೀಲಿ ನಿಂತು ಊರು ಕೇಳೋ ಹಂಗೆ ಕೂಗ್ಬೇಕು ಅನ್ನಿಸ್ತು. ಬಾಗಿಲ ತನಕ ಹೋದೆ ಕೂಡ. ಒಳಗೆ ಮಗು ಅಳ್ತಿತ್ತು, ಹಾಲು ಸಾಲದೆ. ಕೂಗಿದ್ರೆ ಯಾರು ನಂಬ್ತಾರೆ? ನಂಬಿದ್ರೂ ಏನು, ಮಗಳು ಇದನ್ನೂ ತಟ್ಟೆ ಅಂಚಿಗೆ ತಳ್ತಾಳೆ. ಕಾಲುವೆ ನೀರಿನ ಸೊಪ್ಪನ್ನ ಅವಳಿಗೆ ಬೇಯಿಸಿ ಹಾಕೋಕೂ ನನಗೆ ಕೈ ಬರ್ಲಿಲ್ಲ.

ಹಿಂದಿನ ಬಾಗಿಲಿಂದ ಹೋಗಿ ಕವರಿನ ಸೊಪ್ಪನ್ನ ಬೇಲಿ ಆಚೆ ಕಟ್ಟಿದ್ದ ಪಕ್ಕದ ಮನೆ ಹಸುವಿಗೆ ಹಾಕಿದೆ. ಹಿತ್ತಲ ಮಡಿಯಿಂದ ಅಷ್ಟೇ ಸಬ್ಬಸಿಗೆ ಕಿತ್ಕೊಂಡು ಬಂದೆ. ಹರಿದ ಕವರನ್ನ ಮಗಳಿಗೆ ಕಾಣೋ ಹಂಗೆ ಕಟ್ಟೆ ಮೇಲೆ ಇಟ್ಟು, ನಿನ್ನೆ ಥರಾನೇ ಪಲ್ಯ ಮಾಡಿ ಬಲಗೈಯಲ್ಲಿ ಬಡಿಸಿದೆ.

ಮಗಳು ಒಂದು ತುತ್ತು ತಿಂದ್ಲು, ಇನ್ನೊಂದು ತಿಂದ್ಲು. ತಟ್ಟೆ ಖಾಲಿ ಆಗೋ ತನಕ ತಲೆ ಎತ್ತಲಿಲ್ಲ. ಆಮೇಲೆ ತಟ್ಟೆಯನ್ನ ನನ್ನ ಮುಂದೆ ಹಿಡಿದ್ಲು.

"ಇನ್ನೊಂಚೂರು ಹಾಕಮ್ಮ. ನೋಡು, ಘಮ ಅಂದ್ರೆ ಇದು. ನೀನೂ ಇವರ ಥರ ಬೆಳೀಬಾರದಾಗಿತ್ತಾ?"

ಹಾಕಿದೆ.